ಕ್ಷೌರದ ಕತ್ತಿಗೆ ಕಲ್ಲು: ಗಣಿಯ ಹೆಸರಿನಿಂದ ಗ್ರಿಟ್ ಸಂಖ್ಯೆಯವರೆಗೆ

ಕ್ಷೌರದ ಕತ್ತಿಯನ್ನು ಯಾವ ಕಲ್ಲಿನಲ್ಲಿ ಮಸೆಯಬೇಕು ಎಂಬ ಚರ್ಚೆ ಎರಡು ಸಾವಿರ ವರ್ಷ ಹಳೆಯದು. ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಎಣ್ಣೆ ಹಾಕಿ ಮಸೆಯುವ ಕಲ್ಲು ಬೇರೆ, ನೀರು ಹಾಕಿ ಮಸೆಯುವ ಕಲ್ಲು ಬೇರೆ ಎಂದು ವಿಂಗಡಿಸಿದ. ಕ್ಷೌರದಂಗಡಿಗಳಲ್ಲಿ ಎಂಜಲು ಸವರಿ ಬಳಸುವ ಇನ್ನೊಂದು ಜಾತಿಯ ಕಲ್ಲಿದೆ, ಅದರಲ್ಲಿ ಸ್ಪೇನಿನದು ಮೇಲು ಎಂದೂ ಬರೆದ. ಕಲ್ಲಿನ ಗುಣ ಹೇಳಲು ಅವನಿಗಿದ್ದ ಮುಖ್ಯ ದಾರಿ ಊರಿನ ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಹೆಚ್ಚುಕಡಿಮೆ ಅದೇ ದಾರಿ.

1740ರ ದಶಕದಲ್ಲಿ ಇಂಗ್ಲೆಂಡಿನ ಬೆಂಜಮಿನ್ ಹಂಟ್ಸ್‌ಮನ್ ಉಕ್ಕನ್ನು ಮೂಸೆಯಲ್ಲಿ ಕರಗಿಸಿ ಏಕರೂಪಕ್ಕೆ ತಂದ ಮೇಲೆ ಕತ್ತಿಯ ಬಾಯನ್ನು ಹಿಂದೆಂದಿಗಿಂತ ತೆಳುವಾಗಿ ಮಸೆಯಲು ಸಾಧ್ಯವಾಯಿತು. ಒರಟು ಕಲ್ಲು ಅಂಥ ಉಕ್ಕಿಗೆ ನ್ಯಾಯ ಒದಗಿಸಲಾರದು. ಪ್ಯಾರಿಸ್ಸಿನ ಕತ್ತಿ ತಯಾರಕ ಜಾನ್-ಜಾಕ್ ಪೆರೆ 1769ರಲ್ಲಿ ತನ್ನ ಕ್ಷೌರ ತಾನೇ ಮಾಡಿಕೊಳ್ಳುವ ಕಲೆಯ ಬಗ್ಗೆ ‘ಪೊಗೊನೊಟೊಮಿ’ ಎಂಬ ಪುಸ್ತಕ ಬರೆದಾಗ, ಮಸೆಯುವ ಕಲ್ಲುಗಳನ್ನು ಗುರುತಿಸುವ ಬಗೆಯನ್ನೂ ಅದರ ಉದ್ದನೆಯ ಶೀರ್ಷಿಕೆಯಲ್ಲೇ ಸೇರಿಸಿದ.

ನಿಸರ್ಗದ ಕಲ್ಲುಗಳಲ್ಲಿ ನನಗೆ ಅತಿ ಅಚ್ಚರಿ ಹುಟ್ಟಿಸುವುದು ಬೆಲ್ಜಿಯಂನ ಕೋಟಿಕ್ಯೂಲ್. ಆರ್ಡೆನ್ಸ್ ಬೆಟ್ಟಗಳ ವಿಯೆಲ್ಸಾಮ್ ಸುತ್ತಮುತ್ತ ಸಿಗುವ, ಬೆಣ್ಣೆ ಬಣ್ಣದ ಈ ಕಲ್ಲಿನ ಪದರ ಎಷ್ಟೋ ಕಡೆ ಕೆಲವೇ ಸೆಂಟಿಮೀಟರ್ ದಪ್ಪ. ಹಾಗಾಗಿ ಅದನ್ನು ಸ್ಲೇಟಿನ ಹಲಗೆಗೆ ಅಂಟಿಸಿ ಮಾರುವುದು ರೂಢಿ. ಅಭ್ರಕದ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳು ದಟ್ಟವಾಗಿ ತುಂಬಿರುತ್ತವೆ. ಆ ಹರಳುಗಳಿಗೆ ಹಲವು ಮುಖಗಳಿದ್ದು ಮೂಲೆಗಳು ಅಷ್ಟು ಚೂಪಲ್ಲ. ಅವು ಉಕ್ಕನ್ನು ಆಳವಾಗಿ ಗೀರುವುದಿಲ್ಲ. ಸಣ್ಣ ಕಲ್ಲಿನ ತುಂಡಿನಿಂದ ಮೇಲ್ಮೈ ಉಜ್ಜಿ ಹಾಲಿನಂಥ ರಾಡಿ ಎಬ್ಬಿಸಿದರೆ ಕಲ್ಲು ಬೇಗ ತಿನ್ನುತ್ತದೆ. ರಾಡಿ ತೊಳೆದು ಬರೀ ನೀರಿನಲ್ಲಿ ಎಳೆದರೆ ಅದೇ ಕಲ್ಲು ನಿಧಾನವಾಗಿ ಹೊಳಪು ಕೊಡುತ್ತದೆ. ರಾಡಿಯನ್ನು ಹಂತಹಂತವಾಗಿ ತೆಳುಗೊಳಿಸುತ್ತ ಒಂದೇ ಕಲ್ಲಿನಲ್ಲಿ ಕತ್ತಿಯ ಕೆಲಸ ಮುಗಿಸುವವರಿದ್ದಾರೆ.

ಜರ್ಮನಿಯ ತುರಿಂಜಿಯಾದಲ್ಲಿ ಸಿಗುತ್ತಿದ್ದುದು ನುಣುಪಾದ ಸ್ಲೇಟು. ಎಷರ್ ಕಂಪನಿಯ ಚೀಟಿ ಅಂಟಿಸಿದ ಹಳೆಯ ಕಲ್ಲಿಗೆ ಸಂಗ್ರಾಹಕರು ಇಂದಿಗೂ ದುಬಾರಿ ಬೆಲೆ ತೆರುತ್ತಾರೆ. ಅಮೆರಿಕದ ಆರ್ಕನ್ಸಾಸ್ ಕಲ್ಲು ಹೆಚ್ಚುಕಡಿಮೆ ಶುದ್ಧ ಸಿಲಿಕಾ, ಬಹಳ ಗಟ್ಟಿ, ಸಾಮಾನ್ಯವಾಗಿ ಎಣ್ಣೆಯೊಂದಿಗೆ ಬಳಕೆ. ಕ್ಯೋಟೋ ಬಳಿಯ ನಕಯಾಮಾ ಗಣಿಯ ಕಲ್ಲಿನ ಮೇಲೆ ಜಪಾನೀಯರು ನಗುರಾ ಎಂಬ ಮೆತ್ತನೆಯ ಕಲ್ಲು ಉಜ್ಜಿ ರಾಡಿ ಎಬ್ಬಿಸುತ್ತಾರೆ. ಬೆಲ್ಜಿಯಂನವರದೂ ಜಪಾನೀಯರದೂ ಮೂಲದಲ್ಲಿ ಒಂದೇ ಉಪಾಯ.

1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ಪಡೆದು ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟ. ಅಲ್ಲಿಂದ ಮುಂದೆ ಕಣದ ಗಾತ್ರ ಮನುಷ್ಯನ ಹಿಡಿತಕ್ಕೆ ಬಂತು. ಕ್ಷೌರಿಕರಿಗೆಂದೇ ಅಂಗೈಯಗಲದ ಕೃತಕ ಕಲ್ಲುಗಳು ಬಂದವು. ಆದರೆ ಅಷ್ಟರಲ್ಲಿ ಕತ್ತಿಯ ಕಾಲವೇ ಮುಗಿಯುತ್ತ ಬಂದಿತ್ತು. 1903ರಲ್ಲಿ ಜಿಲೆಟ್ ಕಂಪನಿ ಮಾರಿದ್ದು ಬ್ಲೇಡ್ ಬದಲಿಸುವ 51 ರೇಜರ್. ಮರುವರ್ಷ ಆ ಸಂಖ್ಯೆ 90,000 ದಾಟಿತು. ಬ್ಲೇಡ್ ಎಸೆಯುವವರಿಗೆ ಕಲ್ಲಿನ ಹಂಗೇಕೆ? ನಮ್ಮಲ್ಲಿ ಕ್ಷೌರಿಕರು ಕತ್ತಿಯನ್ನು ಕಲ್ಲಿಗೆ ಮಸೆದು, ಚರ್ಮದ ಪಟ್ಟಿಗೋ ಅಂಗೈಗೋ ತೀಡುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. ಈಗ ಸಲೂನುಗಳಲ್ಲಿ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಯೇ ಕಾಯಂ. ರಕ್ತದಿಂದ ಹರಡುವ ರೋಗಗಳನ್ನು ನೆನೆದರೆ ಅದು ಸರಿಯಾದ ಬದಲಾವಣೆಯೇ. ಮಸೆಯುವ ಕತ್ತಿ ಈಗ ಒಬ್ಬರ ಸ್ವಂತ ಬಳಕೆಗೆ ಮಾತ್ರ ತಕ್ಕದ್ದು.

ಹಾಗೆ ಸ್ವಂತಕ್ಕೆ ಕತ್ತಿ ಇಟ್ಟುಕೊಂಡವರು ಇಂದು ಕಲ್ಲು ಆರಿಸುವುದು ಸಂಖ್ಯೆ ನೋಡಿ. ಜಪಾನಿನ ಮಾನಕದ ಪ್ರಕಾರ 4000 ಗ್ರಿಟ್ ಎಂದರೆ ಸುಮಾರು 3 ಮೈಕ್ರಾನ್ ಕಣ, 8000 ಎಂದರೆ ಸುಮಾರು 1.2 ಮೈಕ್ರಾನ್. ಇದು ದೊಡ್ಡ ಅನುಕೂಲ. ಆದರೂ ಸಂಖ್ಯೆ ಎಲ್ಲವನ್ನೂ ಹೇಳದು. ಕಣಗಳನ್ನು ಹಿಡಿದಿಟ್ಟ ಅಂಟು ಮೆತ್ತಗಿದೆಯೋ ಗಟ್ಟಿಯೋ ಎಂಬುದರ ಮೇಲೆ ಒಂದೇ ಸಂಖ್ಯೆಯ ಎರಡು ಕಲ್ಲುಗಳ ವರ್ತನೆ ಬೇರೆಯಾಗುತ್ತದೆ. 2020ರಲ್ಲಿ ಎಂಐಟಿ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು: ಉಕ್ಕಿಗಿಂತ ಎಷ್ಟೋ ಮೆತ್ತಗಿರುವ ಕೂದಲು ಬಾಗಿ ಒತ್ತಿದಾಗ ಅಲಗಿನ ಅಂಚು ಚೂರು ಚೂರಾಗಿ ಮುಕ್ಕಾಗುತ್ತದೆ. ಬಾಯಿ ಮೊಂಡಾಗುವುದೆಂದರೆ ಬರೀ ಸವೆತವಲ್ಲ.

ಸಂಖ್ಯೆಯೇ ಎಲ್ಲವೂ ಅಲ್ಲವಾದ್ದರಿಂದ, ಒರಟಿನಿಂದ ನುಣುಪಿಗೆ ಸಾಗುವ ಈ ಕೆಲಸದಲ್ಲಿ ಕೊನೆಯ ಕಲ್ಲಿನ ವ್ಯಾಮೋಹಕ್ಕಿಂತ ಮೊದಲ ಕಲ್ಲಿನ ಶಿಸ್ತು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಕತ್ತಿಯ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಕೋನವನ್ನು ನಿರ್ಧರಿಸುವುದು ಬೆನ್ನಿನ ದಪ್ಪವೇ. 1000ದ ಕಲ್ಲಿನಲ್ಲಿ ಎರಡೂ ಬದಿಯ ಇಳಿಜಾರು ಇಡೀ ಉದ್ದಕ್ಕೆ ಒಂದೇ ಗೆರೆಯಲ್ಲಿ ಕೂಡಬೇಕು. ತುದಿ, ನಡು, ಹಿಮ್ಮಡಿ ಮೂರೂ ಕಡೆ ಮುಂಗೈ ಕೂದಲು ಸಲೀಸಾಗಿ ಕತ್ತರಿಸಿದರೆ ಆ ಹಂತ ಮುಗಿಯಿತೆಂದು ಲೆಕ್ಕ. ಅದಾಗದೆ 12000ಕ್ಕೆ ಹೋದವರಿಗೆ ಹೊಳೆಯುವ ಕತ್ತಿ ಸಿಗುತ್ತದೆ, ಕ್ಷೌರ ಸಿಗುವುದಿಲ್ಲ.

ಹೊಸಬರು 1000, 4000, 8000ದ ಮೂರು ಕೃತಕ ನೀರುಗಲ್ಲುಗಳನ್ನೂ ಒಂದು ಚರ್ಮದ ಪಟ್ಟಿಯನ್ನೂ ಕೊಳ್ಳಲಿ. ಕೋಟಿಕ್ಯೂಲ್, ನಕಯಾಮಾಗಳ ಆಸೆ ಇದ್ದರೆ ಕೈ ಪಳಗಿದ ಮೇಲೆ ತೀರಿಸಿಕೊಳ್ಳಬಹುದು. ಯಾವ ಕಲ್ಲೇ ಬರಲಿ, ಮೊದಲು ಮೇಲ್ಮೈಗೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ಹಾಸಿದ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ. ಗೆರೆ ಉಳಿದ ಜಾಗ ತಗ್ಗು. ಎಲ್ಲ ಗೆರೆ ಅಳಿಯುವವರೆಗೆ ಆ ಕಲ್ಲಿನ ಮೇಲೆ ಕತ್ತಿ ಇಡಬೇಡಿ.