ಆಂಡ್ರಾಯ್ಡ್ ‘ಓಪನ್ ಸೋರ್ಸ್’ ಅಂದಮಾತ್ರಕ್ಕೆ ನಿಮ್ಮ ಫೋನ್ ಸ್ವತಂತ್ರವೇ?

ಐಫೋನ್ ಅಂದರೆ ಬೀಗ ಹಾಕಿದ ಮನೆ, ಆಂಡ್ರಾಯ್ಡ್ ಅಂದರೆ ಬಾಗಿಲು ತೆರೆದ ಮನೆ ಎಂಬ ಮಾತು ನೀವೂ ಕೇಳಿರಬಹುದು. ಅದು ಅರ್ಧ ಸತ್ಯ.

ಆಂಡ್ರಾಯ್ಡ್‌ನ ಮೂಲ ಭಾಗ, ಅದರ ತಳದಲ್ಲಿರುವ ಲಿನಕ್ಸ್ ಕರ್ನಲ್ ಎರಡೂ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದನ್ನು ಬಳಸಬಹುದು, ಓದಬಹುದು, ಬದಲಿಸಬಹುದು, ಹಂಚಬಹುದು. ಸಾಫ್ಟ್‌ವೇರ್ ಸ್ವಾತಂತ್ರ್ಯ ಅಂದರೆ ಇದೇ, ಪುಕ್ಕಟೆ ಸಿಗುವುದು ಅಂತಲ್ಲ. ಆದರೆ ಅಂಗಡಿಯಿಂದ ತಂದ ಫೋನಿನಲ್ಲಿ ಅದರ ಮೇಲೆ ಪ್ಲೇ ಸ್ಟೋರ್, ಪ್ಲೇ ಸರ್ವಿಸಸ್, ಮ್ಯಾಪ್ಸ್, ಜೊತೆಗೆ ಫೋನ್ ಕಂಪನಿಯ ಆಪ್‌ಗಳು ಕೂತಿರುತ್ತವೆ. ಇವುಗಳ ಕೋಡ್ ಮುಚ್ಚಿದ್ದು. ಗೂಗಲ್ ತನ್ನ ಆಪ್‌ಗಳನ್ನು ಒಟ್ಟಿಗೆ ಹೇರುತ್ತಿದೆ ಎಂಬುದೂ ಸೇರಿದಂತೆ ಹಲವು ಕಾರಣಗಳಿಗೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು.

ಹಾಗಾದರೆ ಗೂಗಲ್ ಇಲ್ಲದ ಆಂಡ್ರಾಯ್ಡ್ ಹಾಕಿಕೊಳ್ಳಬಹುದಲ್ಲ? ಹಾಕಿಕೊಳ್ಳಬಹುದು. 2016ರ ಕೊನೆಯಲ್ಲಿ ಶುರುವಾದ ಲೀನಿಯೇಜ್ ಓಎಸ್, ಕಂಪನಿ ಅಪ್‌ಡೇಟ್ ನಿಲ್ಲಿಸಿದ ಎಷ್ಟೋ ಹಳೆಯ ಫೋನ್‌ಗಳಿಗೆ ಮರುಜೀವ ಕೊಟ್ಟಿದೆ. ಆದರೆ ಅದಕ್ಕೆ ಬೂಟ್‌ಲೋಡರ್ ಬೀಗ ತೆಗೆಯಬೇಕು. ತೆಗೆದ ಕೂಡಲೇ ಫೋನಿನಲ್ಲಿರುವ ಫೋಟೋ, ಮೆಸೇಜ್ ಎಲ್ಲವೂ ಅಳಿಸಿಹೋಗುತ್ತವೆ. ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ತೆಗೆಯಲು ಆಗುವುದೇ ಇಲ್ಲ.

ನಮ್ಮಲ್ಲಿ ನಿಜವಾದ ತೊಡಕು ಯುಪಿಐ. ಫೋನಿನ ಮೂಲ ಸಾಫ್ಟ್‌ವೇರ್ ಬದಲಾಗಿದೆಯೇ ಎಂದು ಹಲವು ಬ್ಯಾಂಕ್ ಆಪ್‌ಗಳು ಪರೀಕ್ಷಿಸುತ್ತವೆ, ಬದಲಾಗಿದ್ದರೆ ತೆರೆಯುವುದೇ ಇಲ್ಲ. ಇವತ್ತು ನಡೆದ ಆಪ್ ನಾಳೆ ಅಪ್‌ಡೇಟ್ ಆದಮೇಲೆ ಕೈಕೊಡಬಹುದು, ಅದೂ ತರಕಾರಿ ಅಂಗಡಿ ಮುಂದೆ ನಿಂತಾಗ. ಬೀಗ ತೆಗೆದೇ ಇಟ್ಟರೆ, ಫೋನ್ ಕೈಗೆ ಸಿಕ್ಕವರು ಅದರ ಸಾಫ್ಟ್‌ವೇರ್ ತಿದ್ದುವುದೂ ಸುಲಭ. ಇಷ್ಟೆಲ್ಲ ಮಾಡಿದರೂ ‘ಯಾರಿಗೂ ಪತ್ತೆಯಾಗಲ್ಲ’ ಅನ್ನುವುದು ಸುಳ್ಳು: ಸಿಮ್ ಇರುವವರೆಗೆ ನೀವು ಯಾವ ಟವರ್ ಬಳಿ ಇದ್ದೀರಿ ಎಂಬುದು ಮೊಬೈಲ್ ಕಂಪನಿಗೆ ಗೊತ್ತೇ ಇರುತ್ತದೆ.

ಮನೆಗೆಲ್ಲ ಒಂದೇ ಫೋನ್, ಓಟಿಪಿಯೂ ಅದಕ್ಕೇ ಬರುತ್ತದೆ ಅನ್ನುವವರು ಈ ಸಾಹಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನಿನಲ್ಲಾದರೆ ಧಾರಾಳವಾಗಿ ಮಾಡಿನೋಡಿ. ಈಗಿರುವ ಫೋನಿನಲ್ಲೇ ಆಗಬೇಕೆಂದರೆ ಕೀಬೋರ್ಡ್‌ನಿಂದ ಶುರುಮಾಡಿ. ನೀವು ಟೈಪ್ ಮಾಡುವುದೆಲ್ಲ ಅದರ ಮೂಲಕವೇ ಹೋಗುತ್ತದೆ. ಮುಕ್ತ ಆಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್‌ನಲ್ಲಿ ಸಿಗುವ ಹೆಲಿಬೋರ್ಡ್‌ನಲ್ಲಿ ಕನ್ನಡವಿದೆ, ಅದು ಇಂಟರ್‌ನೆಟ್ ಅನುಮತಿಯನ್ನೇ ಕೇಳುವುದಿಲ್ಲ.

ಎಫ್-ಡ್ರಾಯ್ಡ್ ಪ್ಲೇ ಸ್ಟೋರ್‌ನಲ್ಲಿಲ್ಲ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅದಕ್ಕಾಗಿ ಬ್ರೌಸರ್‌ಗೆ ಕೊಟ್ಟ ‘ಅಪರಿಚಿತ ಆಪ್’ ಅನುಮತಿಯನ್ನು ಕೂಡಲೇ ಹಿಂದಕ್ಕೆ ಪಡೆಯಿರಿ. ವಾಟ್ಸಾಪ್‌ಗಂತೂ ಆ ಅನುಮತಿ ಕೊಡಲೇಬೇಡಿ: ಮದುವೆ ಕರೆಯೋಲೆಯ ಹೆಸರಿನಲ್ಲಿ ಬರುವ ಎಪಿಕೆ ಫೈಲ್‌ಗಳು ಖಾತೆ ಖಾಲಿ ಮಾಡಲು ಕಾಯುವುದು ಅದೇ ಬಾಗಿಲಲ್ಲಿ.