ಬರದ ಮರುವರ್ಷ ಸಂಡೂರಿನ ಕಾಡು

ಏಪ್ರಿಲ್ ತಿಂಗಳಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ಯಶವಂತನಗರದ ಸುತ್ತಲ ಗುಡ್ಡಗಳು ಸತ್ತೇಹೋದಂತೆ ಕಾಣುತ್ತವೆ. ಎಲೆ ಉದುರಿಸಿದ ದಿಂಡಿಗ, ಬೋಳು ತೇಗ, ಕಾಲಿಟ್ಟರೆ ಪುಡಿಯಾಗುವ ಹುಲ್ಲು. ಎರಡು ಹದಮಳೆ ಬಿದ್ದರೆ ಅದೇ ಗುಡ್ಡ ಗುರುತು ಸಿಗದಷ್ಟು ಹಸಿರು. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರೆಂದು ಈ ಸೀಮೆಯ ಜನ ಹೇಳುತ್ತಾರೆ. ಕಾಡಿನ ತಾಕತ್ತು ತಿಳಿಯಬೇಕಾದರೆ ಮಾತ್ರ ಬೇಸಿಗೆಯಲ್ಲಿ, ಅದರಲ್ಲೂ ಮಳೆ ಕೈಕೊಟ್ಟ ವರ್ಷದಲ್ಲಿ ನೋಡಬೇಕು.

ತಾಳಿಕೆ ಮತ್ತು ಚೇತರಿಕೆ

ಬರ ಬಂದಾಗ ಕುಗ್ಗದೆ ನಿಲ್ಲುವುದು ತಾಳಿಕೆ, ಕುಗ್ಗಿದ ಮೇಲೆ ಮೊದಲಿನಂತಾಗುವುದು ಚೇತರಿಕೆ. ಹುಲ್ಲುಗಾವಲು ಬೇಗ ಒಣಗುತ್ತದೆ, ಬೇಗ ಚಿಗುರುತ್ತದೆ. ಮರಗಳದು ತದ್ವಿರುದ್ಧ. ಅವು ಬಹಳ ದಿನ ತಡೆಯುತ್ತವೆ, ಪೆಟ್ಟು ಬಿದ್ದರೆ ಸುಧಾರಿಸಿಕೊಳ್ಳಲು ವರ್ಷಗಳು ಬೇಕು. ಜಗತ್ತಿನ ಹಲವೆಡೆಯ ಮರದ ಉಂಗುರಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೀವ್ರ ಬರದ ನಂತರ 1ರಿಂದ 4 ವರ್ಷ ಮರಗಳ ಬೆಳವಣಿಗೆ ಕುಂಠಿತವಾಗಿರುತ್ತದೆ ಎಂದು ತೋರಿಸಿತು. 2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಮಳೆಗೆ ಹೊಲದ ಬರ ಮುಗಿದರೂ ಕಾಡಿನ ಬರ ಮುಗಿದಿರಲಿಕ್ಕಿಲ್ಲ.

ನೆಲದಡಿಯ ದಾಸ್ತಾನು

ಒಣಕಾಡಿನ ಜೀವ ಇರುವುದು ನೆಲದೊಳಗೆ. ಎಲೆ ಉದುರಿಸಿದರೆ ನೀರು ಆವಿಯಾಗಿ ಹೋಗುವ ದಾರಿ ಮುಚ್ಚಿತು. ಉಳಿದ ಆಹಾರ ಬೇರು, ಕಾಂಡಗಳಲ್ಲಿ ಭದ್ರ. ಬಳ್ಳಾರಿ–ಚಿತ್ರದುರ್ಗ ಸೀಮೆಯ ಕಮರ ಮರದ ಸಸಿ ಮೊದಲ ಕೆಲವು ವರ್ಷ ಮೇಲೆ ಬೆಳೆಯುವುದಕ್ಕಿಂತ ತಾಯಿಬೇರನ್ನು ಇಳಿಸುವುದರಲ್ಲೇ ತೊಡಗಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಕುಡಿ ಒಣಗಿದರೂ ಬೇರು ಮತ್ತೆ ಚಿಗುರು ಕೊಡುತ್ತದೆ. ಮುತ್ತುಗ ಬೇರಿನಿಂದಲೇ ಹೊಸ ಗಿಡ ಎಬ್ಬಿಸುತ್ತದೆ.

ಬೀಜವೂ ನೆಲದೊಳಗೆ ಸೇರುವ ದಾರಿ ಬಲ್ಲದು. ಗುಡ್ಡದಲ್ಲಿ ಓಡಾಡುವಾಗ ಪಂಚೆಗೆ ಚುಚ್ಚಿಕೊಳ್ಳುವ ಹುಲ್ಲಿನ ಬೀಜವನ್ನು ಕಿತ್ತು ಅಂಗೈಯಲ್ಲಿಟ್ಟು ಒಂದು ಹನಿ ನೀರು ಹಾಕಿ ನೋಡಿ. ಹುರಿಗೊಂಡ ಅದರ ಬಾಲ ನಿಧಾನವಾಗಿ ತಿರುಗತೊಡಗುತ್ತದೆ. ತೇವಕ್ಕೆ ಬಿಚ್ಚಿ, ಒಣಗಿದಾಗ ಸುತ್ತಿಕೊಂಡು, ಬೀಜ ತನ್ನನ್ನು ತಾನೇ ಬೈರಿಗೆಯಂತೆ ಮಣ್ಣಿಗೆ ಕೊರೆದುಕೊಳ್ಳುತ್ತದೆ.

ದರೋಜಿಯ ಸಾಕ್ಷಿ

ಬೇರು, ಬೀಜ ಉಳಿದಿದ್ದರೆ ಕಾಡಿಗೆ ನಮ್ಮಿಂದ ಬೇಕಾದದ್ದು ಬಹಳವಿಲ್ಲ. 1994ರಲ್ಲಿ ಸಂಡೂರಿಗೆ ಹತ್ತಿರದ ಬಿಳಿಕಲ್ಲು ಮೀಸಲು ಅರಣ್ಯದ ಸುಮಾರು 5,587 ಹೆಕ್ಟೇರನ್ನು ದರೋಜಿ ಕರಡಿಧಾಮವೆಂದು ಘೋಷಿಸಲಾಯಿತು. ದನ ಮೇಯಿಸುವುದಕ್ಕೆ, ಸೌದೆ ಕಡಿಯುವುದಕ್ಕೆ ತಡೆ ಬಿದ್ದ ಮೇಲೆ ಬಂಡೆಗಳ ನಡುವಿನ ಕುರುಚಲು ದಟ್ಟವಾಯಿತು. ಕರಡಿಯೂ ಈ ಕೆಲಸದ ಪಾಲುದಾರ. ಅದು ತಿಂದ ಬೋರೆ, ಕಕ್ಕೆಗಳ ಬೀಜ ಲದ್ದಿಯೊಡನೆ ದೂರದೂರ ಬಿದ್ದು ಮೊಳೆಯುತ್ತದೆ. ಕರಡಿಗೆ ಆಹಾರವಾಗುವ ಗೆದ್ದಲಿನ ಬಿಲಗಳು ಗಟ್ಟಿ ನೆಲವನ್ನು ಸಡಿಲಿಸಿ ಮಳೆನೀರು ಇಂಗಲು ದಾರಿ ಮಾಡುತ್ತವೆ. ಬರಗಾಲದ ಮಳೆ ಕೆಲವೇ ಗಂಟೆಗಳಲ್ಲಿ ಸುರಿದು ಹೋಗುವಂಥದ್ದು. ಅದು ಹರಿದುಹೋಯಿತೋ ಇಂಗಿತೋ ಎನ್ನುವುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಬಳ್ಳಾರಿ ಜಾಲಿ

ಹಸಿರೆಲ್ಲವೂ ಚೇತರಿಕೆಯಲ್ಲ. ಎಂಥ ಬರದಲ್ಲೂ ಹಸಿರಾಗಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಸೌದೆಗೆ ಆದೀತು. ಆದರೆ ಅದು ಹಬ್ಬಿದ ಕಡೆ ಹುಲ್ಲು, ನಾಡಗಿಡಗಳು ಹಿಂದೆ ಸರಿಯುತ್ತವೆ. ಉಪಗ್ರಹ ಚಿತ್ರದಲ್ಲಿ ಹಸಿರು ಹೆಚ್ಚಿದೆ ಎಂದು ಹಿಗ್ಗುವ ಮೊದಲು ಆ ಹಸಿರು ಯಾವ ಗಿಡದ್ದೆಂದು ನೋಡಬೇಕು.

ಗಣಿ ತಿಂದ ಗುಡ್ಡ

ಬರ ಕಾಡಿನ ಎಲೆಯನ್ನು ಕಿತ್ತುಕೊಂಡರೆ ಗಣಿ ಅದರ ನೆಲವನ್ನೇ ಕಿತ್ತುಕೊಳ್ಳುತ್ತದೆ. ಸಂಡೂರಿನ ಗುಡ್ಡಗಳ ನೆತ್ತಿಯಲ್ಲಿ ಇಂಗಿದ ಮಳೆನೀರು ಕೆಳಗಿನ ಹಳ್ಳಗಳಿಗೆ ಆಸರೆ. ಅದಿರಿನೊಂದಿಗೆ ಆ ನೆತ್ತಿಯೇ ಹೋದರೆ ಮರುಮಳೆಗೆ ಚಿಗುರಲು ಅಲ್ಲಿ ಬೇರೂ ಇಲ್ಲ, ಬೀಜವೂ ಇಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಮತ್ತೆ ಆರಂಭಕ್ಕೆ ಅವಕಾಶ ಕೊಟ್ಟಾಗ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ನನ್ನ ಮಟ್ಟಿಗೆ ಆ ಯೋಜನೆಗಳ ಅಳತೆಗೋಲು ನೆಟ್ಟ ಸಸಿಗಳ ಲೆಕ್ಕವಲ್ಲ. ಮುಂದಿನ ಬರ ದಾಟಿ ಬದುಕಿದ ಸಸಿಗಳ ಲೆಕ್ಕ. ಅದಕ್ಕೆ ಮೊದಲು ಬೇಕಾದದ್ದು ಮಣ್ಣು. ಅಗೆಯುವಾಗ ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು, ಇಳಿಜಾರನ್ನು ಮೆಟ್ಟಿಲು ಮಾಡಿ, ಅದರ ಮೇಲೆ ಹರಡಬೇಕು. ಇದರಲ್ಲಿ ತಡ ಸಲ್ಲದು, ಏಕೆಂದರೆ ವರ್ಷಗಟ್ಟಲೆ ರಾಶಿಯಲ್ಲೇ ಬಿದ್ದ ಮೇಲ್ಮಣ್ಣಿನಲ್ಲಿ ಬೀಜಗಳೂ ಬೇರಿಗೆ ನೀರುಣಿಸಲು ನೆರವಾಗುವ ಶಿಲೀಂಧ್ರಗಳೂ ಕ್ರಮೇಣ ಸಾಯುತ್ತವೆ.