ಹಿಟ್ಟಿನ ಕೋಳಿ ಕೂಗಿತು

1/3

ಜನ್ನನ ‘ಯಶೋಧರ ಚರಿತೆ’ ಅಂದ್ರೆ ನಮ್ಮ ಗ್ಯಾಂಗ್‌ನಾಗ ಬರೋ ಉತ್ತರ ಒಂದೇ: “ರಾಜನ್ನ ಬಿಟ್ಟು ರಾಣಿ ಮಾವುತನ ಹಿಂದೆ ಹೋದ್ಲಲ್ಲ, ಆ ಕತಿ.” ಒಬ್ಬ ನಗ್ತಾನ. ಇನ್ನೊಬ್ಬ “ಹುಡುಗ್ಯಾರು ಆವಾಗಿಂದ ಹಿಂಗ” ಅಂತಾನ. ಎಂಟುನೂರು ವರ್ಷದ ಕಾವ್ಯ ಅಲ್ಲಿಗೆ ಮೀಮ್ ಆಗಿ ಮುಗೀತದ. ನನಗೆ ಇದು ಒಪ್ಪಿಗೆ ಇಲ್ಲ. ಯಾಕಂತ ಹೇಳ್ತೀನಿ, ಸ್ವಲ್ಪ ಉದ್ದ ಐತಿ, ಓದ್ರಿ.

ಜನ್ನ ಹೊಯ್ಸಳ ಎರಡನೇ ಬಲ್ಲಾಳನ ಕಾಲದ ಕವಿ, ‘ಕವಿಚಕ್ರವರ್ತಿ’ ಅನ್ನೋ ಬಿರುದು ಪಡೆದವನು. ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನಿಗೆ ಸೋದರಮಾವ. ಈ ಕಾವ್ಯ 1209ರದ್ದು. ಕತೆ ಅವನ ಸ್ವಂತದ್ದಲ್ಲ. 959ರಲ್ಲೇ ಸೋಮದೇವಸೂರಿ ‘ಯಶಸ್ತಿಲಕ’ದಲ್ಲಿ ಹೇಳಿದ್ದ, ಆಮೇಲೆ ವಾದಿರಾಜನೂ ಸಂಸ್ಕೃತದಲ್ಲಿ ಬರೆದಿದ್ದ. ಜನ್ನ ಅದನ್ನು ಕನ್ನಡಕ್ಕೆ ತಂದು, ನಾಲ್ಕು ಅವತಾರ, ಮುನ್ನೂರು ಚಿಲ್ಲರೆ ಪದ್ಯದಲ್ಲಿ ಮುಗಿಸಿದ. ಹೆಚ್ಚಿನವು ಕಂದಪದ್ಯ, ಒಂದೊಂದು ನಾಲ್ಕೇ ಸಾಲು.

ಕತೆ ಶುರುವಾಗೋದು ರಾಣಿಯಿಂದ ಅಲ್ಲ ಅನ್ನೋದನ್ನ ಮೊದಲು ನೋಡ್ರಿ. ಮಾರಿದತ್ತ ಅನ್ನೋ ರಾಜ ಚಂಡಮಾರಿಗೆ ಬಲಿ ಕೊಡಲು ನಿಂತಾನೆ. ಅಭಯರುಚಿ, ಅಭಯಮತಿ ಅನ್ನೋ ಅಣ್ಣ-ತಂಗಿಯನ್ನ ಹಿಡಿದು ತಂದಾರೆ. ಇನ್ನೂ ಸಣ್ಣ ವಯಸ್ಸು, ಕತ್ತಿ ಕಣ್ಣೆದುರು. ಹುಡುಗ ಅಳೋದಿಲ್ಲ, ಬೇಡಿಕೊಳ್ಳೋದೂ ಇಲ್ಲ. ರಾಜ ಬೆರಗಾಗಿ ಕೇಳಿದಾಗ ಒಂದು ಕತೆ ಹೇಳ್ತಾನೆ. ಅದೇ ಯಶೋಧರನ ಕತೆ.

2/3

ಯಶೋಧರ ಉಜ್ಜಯಿನಿಯ ರಾಜ. ಹೆಂಡತಿ ಅಮೃತಮತಿ ಮೇಲೆ ಅವನಿಗೆ ಜೀವ. ಒಂದು ರಾತ್ರಿ ಆನೆಲಾಯದ ಕಡೆಯಿಂದ ಹಾಡು ಕೇಳ್ತದೆ. ಅಮೃತಮತಿ ಮುಖ ನೋಡೋ ಮೊದಲೇ ದನಿಗೆ ಸೋಲ್ತಾಳೆ. ಯಾರು ಅಂತ ನೋಡಿ ಬಂದ ದಾಸಿ, ಆ ಮಾವುತ ಎಷ್ಟು ಕುರೂಪಿ ಅಂತ ಅಂಗ ಅಂಗ ಬಣ್ಣಿಸ್ತಾಳೆ. ರಾಣಿ ಮನಸ್ಸು ಬದಲಾಗೋದಿಲ್ಲ. ಮನಸ್ಸು ಒಲಿದ ಮೇಲೆ ಚಂದ, ಕುಲದ ಲೆಕ್ಕ ಎಲ್ಲಿ ಬಂತು ಅನ್ನೋದು ಅವಳ ವಾದ. ಆಸ್ಥಾನದಲ್ಲಿ ಕೂತ ಕವಿ ಇಂಥ ವಾದವನ್ನು ರಾಣಿಯ ಬಾಯಲ್ಲೇ ಇಟ್ಟಿದ್ದು ಸಣ್ಣ ಮಾತಲ್ಲ. ಆದ್ರೆ ಆ ಪ್ರೀತಿಯನ್ನೂ ಅವನು ಸಿಹಿ ಮಾಡಿ ತೋರಿಸೋದಿಲ್ಲ. ತಡವಾಗಿ ಬಂದಿದ್ದಕ್ಕೆ ಮಾವುತ ಅವಳನ್ನ ಹೊಡೀತಾನೆ, ಅವಳು ಅವನ ಕಾಲು ಹಿಡೀತಾಳೆ. ಮರೆಯಲ್ಲಿ ನಿಂತ ಯಶೋಧರ ಇದನ್ನೆಲ್ಲ ನೋಡ್ತಾನೆ. ಕತ್ತಿಗೆ ಕೈ ಹೋಗ್ತದೆ. ಹೊಡೆಯೋದಿಲ್ಲ, ವಾಪಸ್ ಬರ್ತಾನೆ.

ನನ್ನ ಪ್ರಕಾರ ಅಸಲಿ ಕತೆ ಇಲ್ಲಿಂದ. ಕೊಲ್ಲದೇ ಬಿಟ್ಟ, ಸರಿ. ಆದ್ರೆ ಬಾಯಿಯನ್ನೂ ಬಿಡೋದಿಲ್ಲ. ಮರುದಿನ ಆಟಕ್ಕೆ ಅನ್ನೋ ಹಂಗ ನೈದಿಲೆ ಹೂವಿಂದ ಹೊಡೀತಾನೆ, ಅಮೃತಮತಿ ಮೂರ್ಛೆ ಹೋಗ್ತಾಳೆ. ರಾತ್ರಿ ಏಟು ತಿಂದ ಮೈ ಅದು. ಗೊತ್ತಿದ್ದೂ ಅವನು ಕೊಂಕು ಮಾತಾಡಿ ಸುಮ್ಮನಾಗ್ತಾನೆ. ಯಾಕ ಸಪ್ಪಗಿದ್ದೀ ಅಂತ ತಾಯಿ ಚಂದ್ರಮತಿ ಕೇಳಿದ್ರೆ, ಕೆಟ್ಟ ಕನಸು ಬಿತ್ತು ಅಂತಾನೆ. ಈ ಒಂದು ಸುಳ್ಳು ಹಿಡ್ಕೊಂಡು ಮುಂದಿನದೆಲ್ಲ ಬೆಳೀತದೆ. ಕನಸಿನ ದೋಷಕ್ಕೆ ಪ್ರಾಣಿ ಬಲಿ ಕೊಡು ಅಂತಾಳೆ ತಾಯಿ. ಪ್ರಾಣಿ ಕೊಲ್ಲೋದಿಲ್ಲ ಅಂತಾನೆ ಮಗ. ಕಡೆಗೆ ರಾಜಿ: ಹಿಟ್ಟಿನ ಕೋಳಿ ಮಾಡಿ ಕಡಿಯೋದು. ಕಡಿದಾಗ ಕೋಳಿ ಕೂಗಿತು. ಹಿಟ್ಟಿನೊಳಗ ಬೆಂತರ ಹೊಕ್ಕಿತ್ತು.

ಜೈನರು ಇದಕ್ಕೆ ಸಂಕಲ್ಪ ಹಿಂಸೆ ಅಂತಾರೆ. ಕೈ ಕೊಲ್ಲದಿದ್ರೂ ಮನಸ್ಸು ಕೊಂದಿತ್ತು ಅಂತ. ನಮ್ಮ ಅಕೌಂಟ್ಸ್ ಪಾಠದಾಗ ‘ಸಬ್‌ಸ್ಟನ್ಸ್ ಓವರ್ ಫಾರ್ಮ್’ ಅಂತ ಬರ್ತದಲ್ಲ, ಕಾಗದದ ಮೇಲೆ ಏನು ಅಂತಲ್ಲ, ನಿಜವಾಗಿ ಏನಾಯ್ತು ಅದನ್ನ ಬರೀಬೇಕು ಅಂತ, ಹೆಚ್ಚುಕಮ್ಮಿ ಅದೇ. ಖಂಡೆ ಪೂಜೆ ದಿನ ಅಂಗಡಿ ಮುಂದೆ, ಗಾಡಿ ಮುಂದೆ ಬೂದುಗುಂಬಳ ಒಡೆದು ಒಳಗ ಕುಂಕುಮ ತುಂಬ್ತೀವಲ್ಲ, ಆ ಕೆಂಪು ಯಾವುದರ ಲೆಕ್ಕಕ್ಕೆ? ಸುಮ್ಮನೆ ಕೇಳಿದೆ. ನಾನೂ ಒಡೀತೀನಿ.

3/3

ಮುಂದಿನದು ಬೇಗ ಹೇಳ್ತೀನಿ. ಅಮೃತಮತಿ ತಾಯಿ-ಮಗ ಇಬ್ಬರಿಗೂ ವಿಷ ಹಾಕ್ತಾಳೆ. ನವಿಲು-ನಾಯಿಯಿಂದ ಹಿಡಿದು ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯ್ತಾರೆ. ತಾಯಿಯಾಗಿದ್ದ ನಾಯಿಯ ಬಾಯಿಗೆ ಮಗನಾಗಿದ್ದ ನವಿಲು ಬೀಳ್ತದೆ. ಕೊನೆಗೆ ಇಬ್ಬರೂ ಕೋಳಿ. ಒಬ್ಬ ಮುನಿಯ ಮಾತು ಕೇಳಿ ಖುಷಿಗೆ ಕೂಗ್ತಾರೆ. ಆ ಕೂಗಿನ ಗುರಿ ಹಿಡಿದು ಯಶೋಧರನ ಮಗನೇ, ರಾಜ ಯಶೋಮತಿ, ಹೆಂಡತಿ ಮುಂದೆ ತನ್ನ ಬಿಲ್ವಿದ್ಯೆ ತೋರಿಸಲಿಕ್ಕೆ ಬಾಣ ಬಿಡ್ತಾನೆ. ಸತ್ತವರು ಅದೇ ಹೆಂಡತಿಯ ಹೊಟ್ಟೆಯಲ್ಲಿ ಅವಳಿ ಮಕ್ಕಳಾಗಿ ಹುಟ್ತಾರೆ. ಅವರೇ ಅಭಯರುಚಿ, ಅಭಯಮತಿ. ಕತ್ತಿ ಎದುರು ಕತೆ ಹೇಳ್ತಿದ್ದ ಹುಡುಗ ಹೇಳಿದ್ದು ತನ್ನದೇ ಕತೆ. ಒಂದು ಹಿಟ್ಟಿನ ಕೋಳಿಗೆ ಇಷ್ಟಾದ್ರೆ ನಿಜವಾದ ಜೀವಕ್ಕೆ ಎಷ್ಟು? ಈ ಲೆಕ್ಕ ಹುಡುಗ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮಾರಿದತ್ತ ಬಲಿ ನಿಲ್ಲಿಸ್ತಾನೆ.

ಹಂಗಾದ್ರೆ ಅಮೃತಮತಿ ತಪ್ಪೇ ಮಾಡಿಲ್ಲೇನು? ಮಾಡ್ಯಾಳ, ವಿಷ ಹಾಕ್ಯಾಳ. ಜನ್ನ ಅವಳನ್ನ ಬಿಟ್ಟುಕೊಡೋದೂ ಇಲ್ಲ, ನರಕಕ್ಕೇ ಕಳಿಸ್ತಾನೆ. ಆದ್ರೆ ಜನ್ಮ ಜನ್ಮ ಅಲೆದು ಕತೆ ಹೇಳೋ ಕೆಲಸ ಬಿದ್ದದ್ದು ಯಾರಿಗೆ? ಕತ್ತಿ ತಡೆದ, ಮಾತು ನುಂಗಿದ, ತಾಯಿ ಹೇಳಿದ್ದಕ್ಕೆ ಅರ್ಧ ಒಪ್ಪಿದ ಗಂಡಸಿಗೆ. ಮೀಮ್‌ನಾಗ ಅವನು ಬರೀ ಪಾಪದ ಗಂಡ.

ಧಾರವಾಡದಲ್ಲೇ ಕಲಿತ ಗಿರೀಶ ಕಾರ್ನಾಡರಿಗೆ ಈ ಕತೆ ಸಿಕ್ಕಿದ್ದು ಹದಿಹರೆಯದಲ್ಲಿ, ಬಿಟ್ಟದ್ದು ಮಾತ್ರ ಇಲ್ಲ. 1980ರಲ್ಲಿ ‘ಹಿಟ್ಟಿನ ಹುಂಜ’ ಬರೆದರು. ಮುಂದೆ ಅದೇ ‘ಬಲಿ’ ಆಗಿ 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ರಂಗಕ್ಕೆ ಬಂತು. ನಾಲ್ಕೇ ಪಾತ್ರ: ರಾಜ, ರಾಣಿ, ತಾಯಿ, ಮಾವುತ. ಇಲ್ಲಿ ರಾಣಿ ಹುಟ್ಟು ಜೈನಳು. ಹಿಟ್ಟಿನ ಕೋಳಿ ಕಡಿಯೋದೂ ಹಿಂಸೆನೇ ಅನ್ನೋ ಮಾತನ್ನ ಕಾರ್ನಾಡರು ಅವಳಿಗೇ ಕೊಟ್ಟಾರೆ. ಅವರ ನಾಟಕಗಳನ್ನ ತಂದ ಮನೋಹರ ಗ್ರಂಥಮಾಲಾ ಇಲ್ಲೇ ಸುಭಾಷ್ ರೋಡಿನ ಅಟ್ಟದ ಮೇಲೆ. ಹೋಗಿ ಕೇಳ್ರಿ, ತೆಳ್ಳನ ಪುಸ್ತಕ.

ಮುಂದಿನ ಪೋಸ್ಟ್: ಜನ್ನನದೇ ‘ಅನಂತನಾಥ ಪುರಾಣ’, 1230. ಗೆಳೆಯನ ಹೆಂಡತಿಯನ್ನೇ ಹೊತ್ತೊಯ್ದ ಚಂಡಶಾಸನ. “ನಿಜವಾದ ಪ್ರೇಮಿ ಅಂದ್ರೆ ಅವನು” ಅಂತ ಕಮೆಂಟ್ ಹಾಕಿದವರು ತಪ್ಪದೇ ಬರ್ರಿ.